ಡೊರೊಥಿಯ ಹಳದಿ ಗ್ಲೌಸ್

ನೀವು ನಂಬಿ, ಬಿಡಿ. 2014ರ ಜನವರಿಯಲ್ಲಿ ನಾನೂ ಗೆಳೆಯ ಆಲ್ರಾಯನೂ ಚಿನ್ನ ಹುಡುಕಲು ಹೋದದ್ದು ನಿಜ. ಕಾಂಗರೂ ನಾಡಿನ ವೆರಿಬೀಯ ನಮ್ಮ ಮನೆಯಿಂದ ಮರಳುಗಾಡಿನ ಅಂಚಿಗೆ ನಾಲ್ಕು ಗಂಟೆಯ ದಾರಿ. ಆಲ್ರಾಯನಿಗೆ ಲ್ಯಾಬಿನಲ್ಲಿ ಕೆಲಸ. “ಗುರ್ತ ಇಲ್ಲದ ಕಲ್ಲನ್ನು ಬರಿಗೈಲಿ ಮುಟ್ಲಿಕ್ಕಿಲ್ಲ, ವಿಷ ಇದ್ರೆ?” ಎಂದಿದ್ದ. ಅದಕ್ಕೆ ನನ್ನ ಹೆಂಡತಿ ಡೊರೊಥಿ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಎರಡು ಜೊತೆ ಕೊಟ್ಟಳು. ಕಳೆಯಬಾರದೆಂದು ನಾಲ್ಕರ ಮೇಲೂ ಕೆಂಪು ನೇಲ್‌ಪಾಲಿಶ್‌ನಲ್ಲಿ ಪುಟ್ಟ ಶಿಲುಬೆ ಬರೆದಿದ್ದಳು.

ಅಲ್ಲಿ ಜನವರಿಯೆಂದರೆ ನಡುಬೇಸಿಗೆ, ನಲವತ್ತು ಡಿಗ್ರಿ ಬಿಸಿಲು. ಮಧ್ಯಾಹ್ನ ಲೋಹ ಹುಡುಕುವ ಡಿಟೆಕ್ಟರ್ ಒಂದು ಕಡೆ ಕುಂಯ್‌ಗುಟ್ಟಿತು. ಅಗೆದರೆ ಕಪ್ಪು ಕಲ್ಲೊಂದು ಸಿಕ್ಕಿತು. ರಬ್ಬರಿನ ಮೇಲಿಂದಲೂ ಕೈ ಕೊರೆಯುವಷ್ಟು ತಣ್ಣಗಿತ್ತು.

“ಎಂತ ಮಾರಾಯ, ಒಳಗೆ ಎಸಿ ಉಂಟಾ?” ಆಲ್ರಾಯ್ ನಕ್ಕ.

ಚಿನ್ನವಲ್ಲವೆಂದು ಅದನ್ನು ಅಲ್ಲೇ ಹೂತೆವು. ಮಣ್ಣು ತಟ್ಟುವಾಗ ಡಿಟೆಕ್ಟರ್ ಕುಂಯ್‌ಗುಡುತ್ತಲೇ ಇತ್ತು. ಅದರ ಬ್ಯಾಟರಿ ಆಗಲೇ ನನ್ನ ಜೇಬಿನಲ್ಲಿತ್ತು. ಗ್ಲೌಸನ್ನೆಲ್ಲ ಬಕೆಟ್ಟಿಗೆ ಹಾಕಿ, ಕಾರಿನ ಡಿಕ್ಕಿಯಲ್ಲಿಟ್ಟು, ಇಬ್ಬರೂ ದಾರಿಯುದ್ದಕ್ಕೂ ಗಂಟಲು ಬಿಟ್ಟು ಹಾಡುತ್ತ ಬಂದೆವು.

ಮನೆ ತಲುಪಿದಾಗ ಇನ್ನೂ ಬೆಳಕಿತ್ತು. “ಚಿನ್ನ ಎಲ್ಲುಂಟು?” ಎಂದಳು ಡೊರೊಥಿ.

“ನಿನ್ನ ಗ್ಲೌಸ್ ವಾಪಸ್ ಬಂತಲ್ಲ, ಅದೇ ಚಿನ್ನ,” ಎಂದೆ.

ಅವಳು ನಗುತ್ತಲೇ ಎಣಿಸಿದಳು. “ನಾನು ಕೊಟ್ಟದ್ದು ನಾಲ್ಕಲ್ವಾ? ಇದೆಂತ, ಐದುಂಟು?”

ಐದರ ಮೇಲೂ ಅದೇ ಕೆಂಪು ಶಿಲುಬೆ. ನಾಲ್ಕರೊಳಗಿನ ಬೆವರು ದಾರಿಯಲ್ಲೇ ಒಣಗಿತ್ತು. ಐದನೆಯದಕ್ಕೆ ನಾನು ಬೆರಳು ತೂರಿಸಿದೆ. ಯಾರೋ ಈಗಷ್ಟೇ ಕಳಚಿಟ್ಟಂತೆ ಒಳಗೆ ಬೆಚ್ಚಗಿತ್ತು, ಒದ್ದೆಯಾಗಿತ್ತು.