ಮೂರನೇ ದ್ವಾರದ ನಲವತ್ತಮೂರು ಮೆಟ್ಟಿಲು

ಒಂದು ಸಣ್ಣ ಸುಳ್ಳು. ಯಾರಿಗೂ ನೋವಾಗದ ಸುಳ್ಳು. ಹಾಗೆಂದು ಚುಕ್ಕಿ ನಾಲ್ಕು ದಿನದಿಂದ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು. ಡೈರಿಯಲ್ಲಿ ಬರೆದೂ ಇದ್ದಳು. ಬರೆದು, ಯಾರೂ ಓದಲಾಗದ ಹಾಗೆ ಗೀಚಿ ಹಾಕಿದ್ದಳು.

“ಮೂರನೇ ದ್ವಾರ ಕಣ್ಣಾರೆ ನೋಡಿದ್ಯೇನಮ್ಮಾ?” ಎಂದು ಮೇಷ್ಟ್ರು ಫೋನಿನಲ್ಲಿ ಕೇಳಿದ್ದರು.

“ಹೂಂ ಸರ್,” ಎಂದುಬಿಟ್ಟಿದ್ದಳು.

ನೋಡಿರಲಿಲ್ಲ.

ಐದನೇ ದಿನ ಬೆಳಿಗ್ಗೆ, ನೆಲದಡಿಯ ರೈಲು ನಿಲ್ದಾಣದ ಹೊರಗೆ ಕಸ ಗುಡಿಸುತ್ತಿದ್ದ ಹೆಂಗಸು ಮೂರನೇ ದ್ವಾರದ ಶಟರ್ ಅರ್ಧ ಎದ್ದಿರುವುದನ್ನು ಕಂಡಳು. ಬಗ್ಗಿ ಒಳಗೆ ನೋಡಿದಳು. ಮೆಟ್ಟಿಲ ತಳದಲ್ಲಿ ಒಂದು ಕನ್ನಡಕ ಬಿದ್ದಿತ್ತು. ಅದರ ಪಕ್ಕದಲ್ಲಿ ಮೇಷ್ಟ್ರು ಬಿದ್ದಿದ್ದರು.

* * *

ಎಲ್ಲರೂ ಸೇರಿ ಬರೆಯುವ ಒಂದು ನಕ್ಷೆ. ಇಂಟರ್‌ನೆಟ್‌ನಲ್ಲಿದೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು. ಊರಿನ ಹನ್ನೊಂದು ಜನ ಸೇರಿ ಒಂದು ಗುಂಪು ಕಟ್ಟಿಕೊಂಡಿದ್ದರು. ನಿಲ್ದಾಣಗಳನ್ನು ಗುರುತಿಸುವುದು ಅವರ ಕೆಲಸ. ದ್ವಾರ ಎಲ್ಲಿ, ಲಿಫ್ಟ್ ಎಲ್ಲಿ, ಮೆಟ್ಟಿಲೆಷ್ಟು, ಕೈಹಿಡಿಕೆ ಯಾವ ಕಡೆ. ಭೂಗೋಳ ಪಾಠ ಮಾಡಿ ನಿವೃತ್ತರಾಗಿದ್ದ ಮೇಷ್ಟ್ರೇ ಗುಂಪಿಗೆ ಯಜಮಾನರು. ಅವರದು ಒಂದೇ ಕಟ್ಟಳೆ: ಹೋಗು, ನೋಡು, ಆಮೇಲೆ ಬರಿ.

ಪದವಿ ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿ ದಿನವಿಡೀ ನಕ್ಷೆಯ ಮೇಲೆ ಚುಕ್ಕಿ ಇಡುತ್ತಿದ್ದುದರಿಂದ ‘ಚುಕ್ಕಿ’ ಎಂಬ ಹೆಸರು ಅವರೇ ಕೊಟ್ಟದ್ದು.

ಎರಡು ತಿಂಗಳ ಹಿಂದೆ ಚುಕ್ಕಿ ಮೂರನೇ ದ್ವಾರಕ್ಕೂ ಒಂದು ಚುಕ್ಕಿ ಇಟ್ಟಿದ್ದಳು. ಮನೆಯಲ್ಲಿ ಕೂತೇ. ಆಕಾಶದಿಂದ ತೆಗೆದ ಚಿತ್ರದಲ್ಲಿ ದ್ವಾರದ ಚಾವಣಿ ಕಂಡಿತ್ತು, ಸಾಕು ಎನಿಸಿತ್ತು. ಹೋದರೆ ಯಾರಾದರೂ ‘ಏನ್ ಫೋಟೋ ತೆಗೀತಿದೀಯ?’ ಎನ್ನುತ್ತಾರೆ. ಅವಳ ಗಂಟಲಿನಿಂದ ಆಗ ದನಿಯೇ ಹೊರಡುವುದಿಲ್ಲ. ‘ದ್ವಾರ ತೆರೆದಿದೆ’ ಎಂದು ಬರೆದಳು. ‘ಹೇಗೆ ತಿಳಿಯಿತು’ ಎಂಬಲ್ಲಿ ‘ಸ್ಥಳಕ್ಕೆ ಹೋಗಿ ನೋಡಿದ್ದು’ ಎಂದು ತುಂಬಿದಳು.

ಅದಾದ ತಿಂಗಳಿಗೆ ನಿಲ್ದಾಣದಲ್ಲಿ ಹೊಗೆ ತುಂಬಿತು. ಒಬ್ಬ ತಾಯಿ, ಅವಳ ಪುಟ್ಟ ಮಗಳು ಉಸಿರುಗಟ್ಟಿ ಸತ್ತರು. ಇಬ್ಬರನ್ನೂ ಹೊಗೆಯೊಳಗೆ ನುಗ್ಗಿ ಹೊತ್ತು ತಂದವನು ನಿಲ್ದಾಣದ ಸೂಪರ್‌ವೈಸರ್. ಅವನೂ ನಕ್ಷೆಯ ಗುಂಪಿನವನೇ. ಎಲ್ಲರ ಬಾಯಲ್ಲಿ ಸ್ಟೇಷನ್ ಅಣ್ಣ. ಪತ್ರಿಕೆಗಳು ಅವನ ಫೋಟೋ ಹಾಕಿ ಹೊಗಳಿದ್ದವು. ಮೂರು ದ್ವಾರಗಳೂ ತೆರೆದೇ ಇದ್ದವು, ಪಾಪ, ಅವರಿಗೆ ದಾರಿ ಕಾಣಲಿಲ್ಲ ಎಂದು ಅವನು ವಿಚಾರಣೆಯಲ್ಲಿ ಹೇಳಿಕೆ ಕೊಟ್ಟಿದ್ದ.

* * *

“ನಕ್ಷೆ ನಂಬ್ಕೊಂಡು ಬಂದಿದಾರೆ. ಒಳಗೆ ದೀಪ ಇಲ್ಲ. ಜಾರಿದಾರೆ. ಅಷ್ಟೇ,” ಎಂದರು ಇನ್‌ಸ್ಪೆಕ್ಟರ್. ಅಗಲ ಭುಜದ, ನಿದ್ದೆಗೆಟ್ಟ ಕಣ್ಣಿನ ಹೆಂಗಸು. ಮೇಷ್ಟ್ರ ಮನೆಯ ಮುಂಗೋಣೆಯಲ್ಲಿ ಕೂತಿದ್ದರು.

“ಅವರು ಜಾರೋರಲ್ಲ,” ಎಂದರು ಮೇಷ್ಟ್ರ ಹೆಂಡತಿ. “ಎಣಿಸ್ಕೊಂಡೇ ಹೆಜ್ಜೆ ಇಡೋರು. ಮದುವೆ ದಿನಾನೂ ಮೆಟ್ಟಿಲು ಎಣಿಸ್ತಾ ನನ್ನ ಕೈ ಬಿಟ್ಬಿಟ್ಟಿದ್ರು.” ನಗಲು ಹೋದರು, ಆಗಲಿಲ್ಲ. ಚುಕ್ಕಿಯ ಕಡೆ ತಿರುಗಿ, “ನಿನ್ನ ಬಗ್ಗೆ ತುಂಬ ಹೇಳೋರು ಕಣಮ್ಮ. ನೋಡದೆ ಒಂದು ಅಕ್ಷರಾನೂ ಬರಿಯೋಳಲ್ಲ ಅಂತ.”

ಚುಕ್ಕಿ ತಲೆ ತಗ್ಗಿಸಿದಳು. ತನ್ನ ಆ ಚುಕ್ಕಿಯೇ ಮೇಷ್ಟ್ರನ್ನು ಕೊಂದಿತೇ? ಅದೊಂದು ತಿಳಿಯುವ ತನಕ ತನಗೆ ಅನ್ನ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಮನೆಗೆ ಬಂದು ನಕ್ಷೆ ತೆರೆದಳು. ಯಾರು, ಯಾವಾಗ, ಏನು ಬರೆದರು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ಕೊನೆಯ ಸಾಲಿನಲ್ಲಿ ಮೇಷ್ಟ್ರ ಹೆಸರಿತ್ತು. ‘ಮೆಟ್ಟಿಲು 43. ಹಿಡಿಕೆ ಎಡಕ್ಕೆ. ದ್ವಾರ ತೆರೆದಿದೆ.’ ಹೊತ್ತು: ನಿನ್ನೆ ಮಧ್ಯಾಹ್ನ 3.40.

ಚುಕ್ಕಿ ಆ ಹೊತ್ತನ್ನು ಮತ್ತೊಮ್ಮೆ ಓದಿದಳು. ಮೇಷ್ಟ್ರ ಕೈಗಡಿಯಾರ ನಾಡಿಯನ್ನೂ ಅಳೆಯುವಂಥದ್ದು. 3.12ಕ್ಕೆ ನಾಡಿ ನಿಂತಿತ್ತೆಂದು ಇನ್‌ಸ್ಪೆಕ್ಟರ್ ಆಗಲೇ ಹೇಳಿದ್ದರು.

ಸತ್ತು ಇಪ್ಪತ್ತೆಂಟು ನಿಮಿಷದ ಮೇಲೆ ಮೇಷ್ಟ್ರು ಮೆಟ್ಟಿಲು ಎಣಿಸಿ ಬರೆದಿದ್ದರು.

ಅವಳು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದಳು. ನಡು ಹಗಲು. ಕಿಟಕಿಯಲ್ಲಿ ಬಿಸಿಲು. ಆದರೂ ಪಕ್ಕದ ಮನೆಯ ಮೆಟ್ಟಿಲ ಮೇಲೆ ಯಾರೋ ನಿಧಾನವಾಗಿ, ಎಣಿಸಿ ಎಣಿಸಿ ಇಳಿಯುತ್ತಿರುವಂತೆ ಕೇಳಿಸಿತು.

* * *

ಫೋನ್ ಮಾಡಲು ಧೈರ್ಯ ಸಾಲದೆ ಸಂದೇಶ ಕಳಿಸಿದಳು. ಇನ್‌ಸ್ಪೆಕ್ಟರೇ ಫೋನ್ ಮಾಡಿದರು.

“ದೆವ್ವ ಗಿವ್ವ ಏನಿಲ್ಲ. ನಮ್ಮ ಹುಡುಗರನ್ನ ಕೇಳ್ದೆ. ಸಿಗ್ನಲ್ ಇಲ್ಲದ ಕಡೆ ಬರೆದಿಟ್ರೆ, ಸಿಗ್ನಲ್ ಬಂದಾಗ ತಾನಾಗೇ ಹೋಗುತ್ತಂತೆ.”

“ಫೋನ್ ಎಲ್ಲಿತ್ತು ಮೇಡಂ?”

“ಅವರ ಜೇಬಲ್ಲಿ. ಯಾಕೆ?”

“ಆ ತಳದಲ್ಲಿ ಸಿಗ್ನಲ್ ಸಿಗುತ್ತಾ?”

“ಎಲ್ಲಿ ಸಿಗುತ್ತೆ? ನನ್ನ ವಾಕಿಟಾಕಿನೇ ಸತ್ತುಬಿಟ್ಟಿತ್ತು.”

“ಹಾಗಾದ್ರೆ ಅವರ ಫೋನು,” ಚುಕ್ಕಿ ಪಿಸುಗುಟ್ಟಿದಳು, “ಮೇಲಕ್ಕೆ ಹತ್ತಿ ಬಂದು, ಕಳಿಸಿ, ತಿರುಗಿ ಜೇಬಿಗೆ ಹೋಯ್ತಾ?”

ಆ ಕಡೆ ಕುರ್ಚಿ ಕಿರ್ರೆಂದಿತು. “ಅವರ ಮೇಲೆ ದ್ವೇಷ ಇದ್ದೋರು ಯಾರಮ್ಮಾ?”

* * *

ದ್ವೇಷ ಎಂದರೆ ಒಬ್ಬನೇ. ಗುಂಪಿನ ಜಗಳಗಂಟ, ಔಷಧದಂಗಡಿಯವನು. ನಿಲ್ದಾಣದ ಗುರುತು ಕಟ್ಟಡದ ಮೇಲಿರಬೇಕೋ ಪ್ಲಾಟ್‌ಫಾರ್ಮಿನ ನಡುವೆ ಇರಬೇಕೋ ಎಂದು ಅವನಿಗೂ ಮೇಷ್ಟ್ರಿಗೂ ಒಂಬತ್ತು ತಿಂಗಳಿಂದ ಕಾದಾಟ. ಅವರು ಇತ್ತ ಸರಿಸಿದರೆ ಇವನು ಅತ್ತ. ‘ನಿಮ್ಮನ್ನ ನಕ್ಷೆಯಿಂದಲೇ ಅಳಿಸಿ ಹಾಕ್ತೀನಿ’ ಎಂದು ಎಲ್ಲರೂ ಓದುವಂತೆ ಬರೆದಿದ್ದ.

ಅಂಗಡಿಗೆ ಹೋಗುವ ಮೊದಲು ಚುಕ್ಕಿ ಒಂದು ಕೆಲಸ ಮಾಡಿದಳು. ಎರಡು ತಿಂಗಳ ಹಿಂದೆ ಮಾಡಬೇಕಿದ್ದ ಕೆಲಸ. ಮೂರನೇ ದ್ವಾರಕ್ಕೆ ನಡೆದು ಹೋದಳು. ಪೊಲೀಸರ ಪಟ್ಟಿಯ ಆಚೆಯಿಂದ ಬಗ್ಗಿ ನೋಡಿದಳು. ಗೋಡೆ, ಚಾವಣಿ, ಮೆಟ್ಟಿಲು ಎಲ್ಲಕ್ಕೂ ಹೊಗೆಯ ಮಸಿ. ಅರ್ಧ ಎತ್ತಿದ ಶಟರ್ ಮಾತ್ರ ಒಳಮೈಯಲ್ಲೂ ಸಾಬೂನು ಹಾಕಿ ಉಜ್ಜಿದ ಹಾಗೆ ಫಳಫಳ. ಇಳಿಯುವವರಿಗೆ ಕೈಹಿಡಿಕೆ ಬಲಗಡೆ.

ಬಲಗಡೆ. ನಕ್ಷೆಯಲ್ಲಿ ಎಡ ಎಂದಿತ್ತು.

“ನಿನ್ನೆ ಇಡೀ ದಿನ ಅಂಗಡೀಲೇ ಇದ್ದೆ. ಇಗೋ ಕ್ಯಾಮೆರಾ, ಪೊಲೀಸಿನೋರು ಆಗಲೇ ನೋಡ್ಕೊಂಡು ಹೋದ್ರು,” ಎಂದ ಜಗಳಗಂಟ. ಅವನ ಕಣ್ಣು ಕೆಂಪಾಗಿತ್ತು. “ಇನ್ನು ನಾನು ಯಾರ ಜೊತೆ ಜಗಳ ಆಡ್ಲಿ ಹೇಳು? ನಿನ್ನ ಜೊತೆ ಆಡೋಣ ಅಂದ್ರೆ ನಿಂಗೆ ಬಾಯೇ ಇಲ್ಲ.”

ಚುಕ್ಕಿ ಫೋನು ಚಾಚಿ, ಇಳಿಯುವಾಗ ಹಿಡಿಕೆ ಇರುವುದು ಬಲಕ್ಕೆ ಎಂದು ಪಿಸುಗುಟ್ಟಿದಳು.

“ಇಲ್ಲಿ ಎಡ ಅಂತಿದ್ಯಾ? ಮುದುಕ ಯಾವತ್ತೂ ತಪ್ಪು ಬರೆದೋನಲ್ಲ. ಆ ಸಂಕಟಕ್ಕೇ ನಾನು ಜಗಳ ಆಡ್ತಿದ್ದದ್ದು.” ಕನ್ನಡಕ ಏರಿಸಿಕೊಂಡ. “ಗೆರೆ ಎಲ್ಲಿಂದ ಶುರು ನೋಡು.”

ನಕ್ಷೆಯಲ್ಲಿ ಮೆಟ್ಟಿಲೆಂದರೆ ಒಂದು ಗೆರೆ. ಎಳೆಯಲು ಎಲ್ಲಿ ಶುರು ಮಾಡಿದೆವೋ ಅಲ್ಲಿಂದ ಎಡ, ಬಲ. ಈ ಗೆರೆ ತಳದಿಂದ ಶುರುವಾಗಿ ರಸ್ತೆಗೆ ಹತ್ತುತ್ತಿತ್ತು. ಹತ್ತುವವರಿಗೆ ಹಿಡಿಕೆ ಎಡಕ್ಕೇ.

“ತಪ್ಪಲ್ಲ. ಆದ್ರೆ ಮೇಷ್ಟ್ರದಲ್ಲ,” ಎಂದ ಅವನು, ತಗ್ಗಿದ ದನಿಯಲ್ಲಿ. “ಅವರು ರಸ್ತೆಯಿಂದ ಇಳಿಸೋರು. ನಾನೂ ಅಷ್ಟೇ. ನಾವೆಲ್ಲ ಮೇಲಿಂದ ನಿಲ್ದಾಣಕ್ಕೆ ಹೋಗೋರು ತಾನೆ?”

ಚುಕ್ಕಿ ಅಲ್ಲೇ ಸ್ಟೂಲಿನ ಮೇಲೆ ಕೂತು ಹುಡುಕಿದಳು. ಮೇಷ್ಟ್ರು ಬರೆದ ಇನ್ನೂರಕ್ಕೂ ಹೆಚ್ಚು ಮೆಟ್ಟಿಲ ಸಾಲುಗಳು ರಸ್ತೆಯಿಂದ ಕೆಳಕ್ಕೆ ಇಳಿಯುತ್ತಿದ್ದವು. ಊರಿನ ನಕ್ಷೆಯಲ್ಲೆಲ್ಲ ಕೆಳಗಿನಿಂದ ಮೇಲಕ್ಕೆ ಎಳೆದವು ಇದನ್ನು ಬಿಟ್ಟು ಹನ್ನೊಂದೇ. ಹನ್ನೊಂದನ್ನೂ ಎಳೆದ ಕೈ ಒಂದೇ.

ಬೆಳಗಾದರೆ ನೆಲದಡಿ ಕೂತು, ಕೆಲಸ ಮುಗಿದ ಮೇಲೆ ಮೆಟ್ಟಿಲು ಹತ್ತುವವನ ಕೈ.

* * *

ಮರುದಿನ ಹತ್ತು ಗಂಟೆಗೆ ಇನ್‌ಸ್ಪೆಕ್ಟರ್ ಸ್ಟೇಷನ್ ಅಣ್ಣನನ್ನು ಮೂರನೇ ದ್ವಾರಕ್ಕೆ ಕರೆಸಿದರು. ಮೇಷ್ಟ್ರ ಹೆಂಡತಿಯೂ ಬಂದಿದ್ದರು. ಶಟರಿನ ಒಳಗಡೆ, ಮೇಲಿನ ಮೆಟ್ಟಿಲಲ್ಲಿ, ಚುಕ್ಕಿಯೂ ಸೇರಿ ನಾಲ್ವರೂ ನಿಂತರು. ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದಿದ್ದರು.

“ಜೋರಾಗಿ ಹೇಳಮ್ಮಾ. ನನಗೇ ಕೇಳಿಸ್ತಿಲ್ಲ.”

ಚುಕ್ಕಿ ಗೆರೆಯ ಸಂಗತಿ ಹೇಳಿದಳು. ಅರ್ಧ ಗಾಳಿ, ಅರ್ಧ ಮಾತು. ಮಿಕ್ಕದ್ದನ್ನು ಇನ್‌ಸ್ಪೆಕ್ಟರ್ ಜೋಡಿಸಿದರು. “ಮೇಷ್ಟ್ರು ಆ ಮಧ್ಯಾಹ್ನ ಬಂದು ಮೂರನೇ ದ್ವಾರ ತೋರಿಸು ಅಂದ್ರು. ಇಬ್ಬರೂ ಒಳಗಿಂದ ಹತ್ತಿ ಬಂದ್ರಿ. ಇಲ್ಲಿ ಅವರು ಏನೋ ನೋಡಿದ್ರು. ನೀನು ತಳ್ಳಿದೆ. ಕೆಳಗಿಳಿದು, ಅವರದೇ ಹೆಬ್ಬೆರಳು ಒತ್ತಿ ಫೋನ್ ತೆಗೆದೆ. ತಮ್ಮ ಕೈಯಾರೆ ‘ತೆರೆದಿದೆ’ ಅಂತ ಬರೆದು ಸತ್ತ ಹಾಗೆ ಕಾಣಲಿ ಅಂತ. ಸಿಗ್ನಲ್ಲಿಗೆ ಮೇಲೆ ಹತ್ತಿದೆ. ಹತ್ತುವಾಗ ಎಣಿಸಿದೆ. ಕೊಂದು ಬಂದ ಕೈಯಲ್ಲೂ ಸುಳ್ಳು ಲೆಕ್ಕ ಬರೆಯೋಕೆ ಮನಸ್ಸು ಬರಲಿಲ್ಲ, ಅಲ್ವಾ? ನಲವತ್ತಮೂರು. ನಾವೂ ಎಣಿಸಿದ್ವಿ, ಸರಿಯಾಗಿದೆ.”

ಸ್ಟೇಷನ್ ಅಣ್ಣ ನಕ್ಕ. “ಒಂದು ಗೆರೆ ನೋಡಿ ಕೊಲೆಗಾರ ಅಂತೀರಾ ಮೇಡಂ? ಅವರನ್ನ ನಾನ್ಯಾಕೆ ಕೊಲ್ಲಲಿ?”

“ಶಟರ್...” ಎಂದಳು ಚುಕ್ಕಿ.

“ಏನು?”

“ಶಟರ್ ಪೂರ್ತಿ ಇಳಿಸಿ ಮೇಡಂ. ತೊಳೆದಿರೋದು ಕಾಣೋ ಅರ್ಧ ಮಾತ್ರ. ಮಿಕ್ಕಿದ್ದು ಮೇಲೆ ಸುರುಳಿ ಸುತ್ಕೊಂಡಿದೆ.”

ಅವನ ನಗು ನಿಂತಿತು. ಇನ್‌ಸ್ಪೆಕ್ಟರ್ ಸರಪಳಿ ಎಳೆದರು. ಶಟರ್ ಗಡಗಡನೆ ಇಳಿಯಿತು. ರಸ್ತೆಯ ಬೆಳಕು, ರಸ್ತೆಯ ಸದ್ದು, ಎರಡೂ ಹೋದವು. ಟಾರ್ಚಿನ ಬೆಳಕು ಮೇಲರ್ಧದ ಮೇಲೆ ಬಿತ್ತು.

ಕಪ್ಪು ಮಸಿ. ಮಸಿಯಲ್ಲಿ ಅಂಗೈಗಳು. ಒಂದರ ಮೇಲೊಂದು, ಬಡಿದು ಬಡಿದು ಜಾರಿದವು. ಅವಕ್ಕಿಂತ ಮೊಳದಷ್ಟು ಮೇಲೆ, ಗಾಳಿ ಸುಳಿಯುವ ಸಂದಿಯ ಹತ್ತಿರ, ಪುಟ್ಟ ಅಂಗೈಗಳು. ಐದೂ ಬೆರಳು ಬಿಡಿಸಿಟ್ಟ ಹಾಗೆ.

ತಾಯಿ ಮಗಳನ್ನು ಎತ್ತಿ ಹಿಡಿದಿದ್ದಳು.

ಮೇಷ್ಟ್ರ ಹೆಂಡತಿ ಗೋಡೆ ಹಿಡಿದುಕೊಂಡರು. ಕೆಳಗಡೆ ಎಲ್ಲೋ ಒಂದು ರೈಲು ಬಂದು ನಿಂತಿತು. ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು.

“ಇದನ್ನೇ ಅವರು ನೋಡಿದ್ದು,” ಎಂದರು ಇನ್‌ಸ್ಪೆಕ್ಟರ್. “ಅವರು ಬಂದಾಗ ಶಟರ್ ಪೂರ್ತಿ ಇಳಿದಿತ್ತು, ಆಮೇಲೆ ನೀನು ಅರ್ಧ ಎತ್ತಿ, ಕಾಣೋ ಅಷ್ಟನ್ನ ತೊಳೆದೆ. ಹೊಗೆ ತುಂಬಿದ ದಿನಾನೂ ಈ ಶಟರ್ ಮುಚ್ಚಿತ್ತು. ತಾಯಿ ಮಗಳಿಬ್ಬರೂ ಇಲ್ಲೇ ಬಿದ್ದಿದ್ರು. ನೀನು ಕೆಳಗೆ ಹೊತ್ಕೊಂಡು ಹೋಗಿ, ಅಲ್ಲಿ ಸಿಕ್ಕಿದ್ರು ಅಂದೆ.”

ಅವನು ಬೆವರು ಒರೆಸಿಕೊಂಡ. “ಆ ದಿನ ಯಾರೋ ಪುಂಡರು ಇಳಿಸಿರಬೇಕು ಮೇಡಂ. ನನಗೇನು ಗೊತ್ತು? ದಿನಾ ತೆರೆದೇ ಇರ್ತಿತ್ತು. ಬೀಗ ಹಾಕಿಟ್ಟವನು ನಾನಾಗಿದ್ರೆ ತಾನೇ ಮೇಷ್ಟ್ರ ಬಾಯಿ ಮುಚ್ಚಿಸಬೇಕಿತ್ತು?” ಜೇಬಿನಿಂದ ಮಡಿಸಿದ ಹಾಳೆ ತೆಗೆದ. ನಕ್ಷೆಯ ಪುಟ. “ವಿಚಾರಣೆಗೂ ಇದನ್ನೇ ಕೊಟ್ಟಿದ್ದೀನಿ. ನನ್ನ ಮಾತು ಬೇಡ. ಹೊಗೆಗೂ ತಿಂಗಳ ಮೊದಲು ಇವಳೇ ಬರೆದದ್ದು: ದ್ವಾರ ತೆರೆದಿದೆ, ಸ್ಥಳಕ್ಕೆ ಹೋಗಿ ನೋಡಿದ್ದು. ಹೌದೋ ಅಲ್ವೋ, ಕೇಳಿ.” ಅವಳ ಕಡೆ ಬಾಗಿದ. ದನಿ ಮೆತ್ತಗಾಯಿತು. “ಹೇಳಮ್ಮಾ ತಂಗಿ. ಇಷ್ಟು ಜನ ನಿನ್ನ ನಂಬಿದಾರೆ. ಈಗ ನೋಡಿಲ್ಲ ಅಂದ್ರೆ ನಿನ್ನ ಮರ್ಯಾದೆ ಏನಾಗುತ್ತೆ?”

ಎಲ್ಲರೂ ಚುಕ್ಕಿಯ ಕಡೆ ನೋಡಿದರು. ಮೇಷ್ಟ್ರ ಹೆಂಡತಿಯೂ ನೋಡಿದರು. ಆ ನೋಟದಲ್ಲಿ ಇನ್ನೂ ನಂಬಿಕೆ ಇತ್ತು. ಅದೇ ತಡೆಯಲಾಗದಂತಿತ್ತು.

ಬೀಗ ಹಾಕಿದ್ದವನು ಅವನು. ಕೊಂದವನೂ ಅವನೇ. ಆದರೆ ಅವನು ಬೆನ್ನು ಆನಿಸಿ ನಿಂತಿದ್ದ ಗೋಡೆ ಅವಳದು. ಅವಳೇ ಕಟ್ಟಿ ಕೊಟ್ಟದ್ದು.

ಚುಕ್ಕಿ ಮಸಿಯಲ್ಲಿದ್ದ ಪುಟ್ಟ ಕೈಗಳ ಕಡೆ ನೋಡಿದಳು. ಆಮೇಲೆ ಮೇಷ್ಟ್ರ ಹೆಂಡತಿಯ ಮುಖ ನೋಡಿ, ಮೆಟ್ಟಿಲ ತಳದವರೆಗೂ ಕೇಳುವಂತೆ ಹೇಳಿದಳು:

“ನಾನು ಇಲ್ಲಿಗೆ ಬಂದೇ ಇರಲಿಲ್ಲ.”