ಅಕ್ಕನ ನೋಟ್ಸಿನಲ್ಲಿದ್ದ ಅಕ್ಷರ

"ವಾಗ್ದೇವಿ!"

ಹಿಂದಿನಿಂದ ಬಂದ ಆ ಕೂಗಿಗೆ ಮೇಘನಾಳ ಕಾಲು ಅಲ್ಲೇ ನಿಂತಿತು. ಸಾಗರದ ಕಾಲೇಜಿನ ವರಾಂಡದಲ್ಲಿ, ಹಾಡುಹಗಲಲ್ಲಿ, ಅಕ್ಕನನ್ನು ಕರೆಯುತ್ತಿರುವವರು ಯಾರು? ಮಂಗನ ಕಾಯಿಲೆ ಬಂದು ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು!

ತಿರುಗಿ ನೋಡಿದಳು. ಕಾಗದದ ಕಟ್ಟು ಹಿಡಿದು ನಿಂತಿದ್ದ ಹುಡುಗನ ಮುಖ ಬಿಳಿಚಿಕೊಂಡಿತ್ತು.

"ಸಾರಿ... ಅವಳು ಇಲ್ಲ ಅಂತ ಗೊತ್ತಿದ್ದೂ, ನಿಮ್ಮ ನಡಿಗೆ ನೋಡಿ ಬಾಯಿಗೆ ಬಂದ್ಬಿಡ್ತು. ನಾನು ಗೌತಮ್. ಅವಳ ಕ್ಲಾಸ್‌ಮೇಟ್."

ಎಂ.ಕಾಂ. ಪ್ರಾಜೆಕ್ಟಿಗೆ ಅವನು ಸರ್ವೆ ಮಾಡುತ್ತಿದ್ದ. ಬಿ.ಕಾಂ. ಕೊನೆಯ ವರ್ಷಕ್ಕೆ ಅಕೌಂಟಿಂಗನ್ನೇ ಯಾಕೆ ಆರಿಸಿಕೊಳ್ಳುತ್ತೀರಿ? ಕೆಲಸಕ್ಕೋ, ಮನೆಯವರ ಒತ್ತಾಯಕ್ಕೋ, ಗೆಳೆಯರು ತಗೊಂಡರೆಂದೋ?

ಮೇಘನಾ ಯಾವುದಕ್ಕೂ ಗುರುತು ಹಾಕಲಿಲ್ಲ. ಕೆಳಗೆ ಬರೆದಳು: 'ಅಕ್ಕ ತಗೊಂಡಿದ್ಲು.'

ಗೌತಮ್ ಆ ಸಾಲನ್ನು ತುಂಬಾ ಹೊತ್ತು ನೋಡಿದ.

ಹೊಸನಗರದ ಅವರ ಮನೆಯಿಂದ ಅಕ್ಕ ಇನ್ನೂ ಹೋದಂತಿರಲಿಲ್ಲ. ಅಮ್ಮ ವರದಮ್ಮ ಮೇಘನಾಳನ್ನೇ "ವಾಗೂ" ಎಂದು ಕರೆಯುತ್ತಿದ್ದಳು. ಮೇಘನಾ "ಹೂಂ" ಎನ್ನುತ್ತಿದ್ದಳು. ದಿನಾ ಸಂಜೆ ಅಮ್ಮ ಅಕ್ಕನ ಅಕೌಂಟ್ಸ್ ನೋಟ್ಸ್ ತೆಗೆದು, ಅಕ್ಷರ ಸವರುತ್ತಾ ಅಳುತ್ತಿದ್ದಳು.

ಆದರೆ ಆ ಅಕ್ಷರ ಅಕ್ಕನದಲ್ಲ! ಲೆಕ್ಕವೆಂದರೆ ಅಕ್ಕನಿಗೆ ತಲೆನೋವು. ಪಿಯುಸಿಯಲ್ಲಿದ್ದ ತಂಗಿಯ ಕೈಯಲ್ಲೇ ಎಲ್ಲ ಮಾಡಿಸಿಕೊಳ್ಳುತ್ತಿದ್ದಳು. ಅಮ್ಮನಿಗೆ ಉಳಿದದ್ದು ಆ ನೋಟ್ಸ್ ಒಂದೇ. ಅದನ್ನೂ ಹೇಗೆ ಕಿತ್ತುಕೊಳ್ಳುವುದು?

ತನಗೆ ಅಕೌಂಟಿಂಗ್ ನಿಜಕ್ಕೂ ಇಷ್ಟವೋ, ಸತ್ತ ಅಕ್ಕನ ಓದನ್ನು ತಾನು ಓದುತ್ತಿದ್ದೇನೋ... ಮೇಘನಾಗೆ ತಿಳಿಯದಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಗೌತಮ್ ದಿನಾ ಸಿಗತೊಡಗಿದ. ಅವನ ಜೊತೆ ಮಾತಾಡಲೆಂದು ನಮ್ಮ ಹುಡುಗಿ ಎರಡೆರಡು ಬಸ್ ಬಿಟ್ಟದ್ದೂ ಉಂಟು, ಪಾಪ! ಒಂದು ದಿನ ಅವನೆಂದ, "ವಾಗ್ದೇವಿ ನೋಟ್ಸಲ್ಲಿದ್ದ ಅಕ್ಷರ ಅಂದ್ರೆ ನಂಗೆ ಆಗ್ಲೇ ಜೀವ."

ಓಹ್... ಇವನಿಗೂ ಅಕ್ಕನೇ ಬೇಕು!

ಮರುದಿನದಿಂದ ಅವಳು ಅವನ ಕಣ್ಣಿಗೆ ಬೀಳಲಿಲ್ಲ.

ವಿಷಯ ಆರಿಸುವ ಕೊನೆಯ ದಿನ. ಗೌತಮ್ ಕಾಲೇಜು ಆಫೀಸಿನ ಬಾಗಿಲಲ್ಲೇ ಅಡ್ಡ ನಿಂತ.

"ಎಂತ ತಪ್ಪು ಮಾಡ್ದೆ ನಾನು?"

"ಆ ಅಕ್ಷರ ನಂದು ಕಣ್ರೀ!" ಎರಡು ವರ್ಷ ನುಂಗಿಕೊಂಡಿದ್ದ ಮಾತು ಹೊರಬಿತ್ತು. "ನೀವು ಇಷ್ಟಪಟ್ಟಿದ್ದು ಅಕ್ಕನ್ನ. ನಾನು ಅವಳಲ್ಲ!"

"ಗೊತ್ತು," ಎಂದ ಮೆಲ್ಲಗೆ. "'ಅಯ್ಯೋ ದಡ್ಡಿ, ಡೆಪ್ರಿಸಿಯೇಷನ್ ಮರ್ತೆ!' ಅಂತ ಅಂಚಲ್ಲಿ ಬರೆದಿತ್ತು. ಇದನ್ನ ಬರ್ದಿದ್ಯಾರು ಅಂತ ಕೇಳ್ದೆ. 'ನನ್ನ ತಂಗಿ. ನಾನು ಫ್ರೆಂಡ್ಸ್ ತಗೊಂಡ್ರು ಅಂತ ತಗೊಂಡೆ, ಅವಳಿಗೆ ಇದ್ರ ಹುಚ್ಚು' ಅಂತ ವಾಗ್ದೇವಿ ನಕ್ಕಿದ್ಲು. ನಾನು ಹುಡುಕ್ತಿದ್ದಿದ್ದು ನಿನ್ನನ್ನ, ಮೇಘನಾ."

ಮೇಘನಾ... ಎಷ್ಟು ದಿನವಾಗಿತ್ತು ಆ ಹೆಸರು ಹಿಡಿದು ಯಾರಾದರೂ ಹೀಗೆ ಕರೆದು! ಆ ಹುಚ್ಚು ಮೊದಲಿನಿಂದಲೂ ತನ್ನದೇ. ಅಕ್ಕನಿಗೂ ಅದು ಗೊತ್ತಿತ್ತು.

ಒಳಗೆ ಹೋಗಿ ಅಕೌಂಟಿಂಗ್ ಎಂದೇ ಬರೆದು ಸಹಿ ಹಾಕಿ ಬಂದಳು. ಕಣ್ಣು ಒದ್ದೆಯಾಗಿತ್ತು.

"ಇವತ್ತು ಅಮ್ಮಂಗೆ ಹೇಳ್ಬೇಕು, ಅದು ನನ್ನ ಅಕ್ಷರ ಅಂತ. ಭಯ ಆಗ್ತದೆ..."

"ನಾನೂ ಬರ್ಲಾ?"

"ಬನ್ನಿ. ಮೊದ್ಲು ತುಂಬಾ ಅಳ್ತಾಳೆ. ಆಮೇಲೆ... ನನ್ನ ಹೆಸ್ರು ಹಿಡಿದು ಕರೀಬಹುದು."

"ಕರೀದೇ ಇದ್ರೆ?"

ಅವಳು ಮೊದಲ ಬಾರಿ ಅವನ ಕೈ ಹಿಡಿದಳು.

"ನೀವು ಕರೀತಾ ಇರಿ."