ಮರಿನೇರಾಕ್ಕೆ ಬರಿಗಾಲು

"ಇದನ್ನ ನಿಮಗೆ ಮಾರಲ್ಲ," ಎಂದ ಬೂಟು ಹೊಲಿಯುವ ಅಬ್ಸಲೋನ್, ಅಂಗಡಿಯ ಬಿಗಿ ಜೋಡಿಯೊಂದನ್ನು ಹಿಂದಕ್ಕೆ ಎಳೆದುಕೊಳ್ಳುತ್ತ.

ಎಡೆಲ್ಮಿರಾಳ ಮುಖ ಕೆಂಪಾಯಿತು. ತ್ರುಹಿಯೊ ಪಟ್ಟಣದ ಹೋಟೆಲೊಂದರ ಕೌಂಟರಿನಲ್ಲಿ ಹದಿನಾಲ್ಕು ವರ್ಷ ಚೂಪು ಮೂತಿಯ ಹೈಹೀಲ್ಸ್ ಹಾಕಿ ನಿಂತವಳು ಅವಳು.

"ಯಾಕೆ? ನನ್ನ ಕಾಲಿಗೆ ಅಷ್ಟು ಯೋಗ್ಯತೆ ಇಲ್ವಾ?"

"ಈ ಬೂಟಿಗೆ ನಿಮ್ಮ ಕಾಲಿಗೇರೋ ಯೋಗ್ಯತೆ ಇಲ್ಲ. ಕೂತ್ಕೊಳ್ಳಿ."

ಗೊಣಗುತ್ತಲೇ ಕುಳಿತಳು. ಹೆಬ್ಬೆರಳು ಪಕ್ಕದ ಬೆರಳ ಕಡೆ ವಾಲಿತ್ತು. ಅದರ ಬುಡದಲ್ಲಿ ಊದಿದ ಗಂಟು. ನಾಚಿ ಪಾದವನ್ನು ಒಳಗೆಳೆದುಕೊಂಡಳು. ಅವನು ಕಾಗದ ಹಾಸಿ, ಪಾದದ ಸುತ್ತ ಪೆನ್ಸಿಲ್ ಓಡಿಸಿದ. ಗಂಟಿನ ಬಳಿ ಅದು ಎಷ್ಟು ಮೆಲ್ಲಗೆ ತಿರುಗಿತೆಂದರೆ ಅವಳಿಗೆ ಕಚಗುಳಿಯಾಯಿತು.

"ನಗಬೇಡಿ, ಗೆರೆ ಸೊಟ್ಟ ಆಗುತ್ತೆ."

"ಕಾಲೇ ಸೊಟ್ಟ ಇದೆಯಲ್ಲ!"

ಮುಂದಿನ ಶನಿವಾರ ಬೂಟು ಸಿದ್ಧವಾಗಿತ್ತು: ಮುಂಭಾಗ ಅಗಲ, ಚರ್ಮ ಮೆತ್ತಗೆ, ಹಿಮ್ಮಡಿ ಎರಡೇ ಬೆರಳೆತ್ತರ.

"ಗಂಟು ಇದರಿಂದ ಕರಗಲ್ಲ. ಒತ್ತೋದು ತಪ್ಪಿದ್ರೆ ನೋವು ಇಳಿಯುತ್ತೆ. ನೆಲದ ಮೇಲೆ ಟವೆಲ್ ಹಾಸಿ, ದಿನಾ ಕಾಲ್ಬೆರಳಲ್ಲೇ ಮುದುರಿ. ಆಗ್ಲೂ ನೋವಿದ್ರೆ ಡಾಕ್ಟರ ಹತ್ರ ಹೋಗಿ, ನನ್ನ ಹತ್ರ ಅಲ್ಲ."

"ನಿಮ್ಮ ಹತ್ರ ಬರಲೇಬಾರದಾ?"

ಅಬ್ಸಲೋನ್ ಸುತ್ತಿಗೆ ಹುಡುಕತೊಡಗಿದ. ಸುತ್ತಿಗೆ ಕೈಯಲ್ಲೇ ಇತ್ತು.

ಆಮೇಲೆ ಅವಳಿಗೆ ನೆಪಗಳ ಬರ ಬರಲಿಲ್ಲ. ಪ್ರತಿ ಶನಿವಾರವೂ ಬಂದಳು. ನೋವು ಇಳಿಯಿತು. ಜನವರಿಯಲ್ಲಿ ಊರಿಗೆ ಊರೇ ಮರಿನೇರಾ ಕುಣಿತಕ್ಕೆ ಸಜ್ಜಾದಾಗ ಅವನು ಕೇಳಿದ:

"ನಾಳೆ ನಮ್ಮ ಬೀದೀಲಿ ಕುಣಿತ. ನನ್ ಜೊತೆ ಕುಣೀತೀಯಾ?"

ಅವಳ ನಗು ಆರಿತು. ಮರಿನೇರಾದಲ್ಲಿ ಗಂಡಿಗೆ ಬೂಟು, ಹೆಣ್ಣಿಗೆ ಬರಿಗಾಲು. ಆರು ವರ್ಷದಿಂದ ಅವಳು ಕುಣಿದಿರಲಿಲ್ಲ.

"ಎಲ್ಲರೂ ನನ್ನ ಕಾಲನ್ನೇ ನೋಡ್ತಾರೆ."

"ನೋಡ್ಲಿ ಬಿಡು. ನಾನು ಮೂರು ತಿಂಗಳಿಂದ ನೋಡ್ತಾನೇ ಇದೀನಿ, ಇನ್ನೂ ಸಾಕಾಗಿಲ್ಲ."

ಭಾನುವಾರ ಅವಳು ಬಂದಳು. ಮೊದಮೊದಲು ಸ್ಕರ್ಟಿನ ನೆರಿಗೆಯಲ್ಲಿ ಪಾದ ಬಚ್ಚಿಡುತ್ತಲೇ ಹೆಜ್ಜೆ ಹಾಕಿದಳು. ತಮಟೆಯ ಪೆಟ್ಟು ಬಿರುಸಾದಂತೆ ಮರೆತೇಬಿಟ್ಟಳು. ಎರಡೂ ಕೈಯಲ್ಲಿ ಸ್ಕರ್ಟು ಎತ್ತಿ, ಬಿಸಿ ನೆಲದ ಮೇಲೆ ಬರಿಗಾಲಲ್ಲಿ ಚಿಮ್ಮಿದಳು.

"ಭಲೇ ಹುಡುಗಿ!" ಎಂದು ಬಾಗಿಲಲ್ಲಿದ್ದ ಮುದುಕಿಯೊಬ್ಬಳು ಕೂಗಿದಳು.

ಕುಣಿತದ ಕೊನೆಗೆ ರೂಢಿಯಂತೆ ಅವನು ಅವಳೆದುರು ಮಂಡಿಯೂರಿದ. ಚಪ್ಪಾಳೆ ನಿಂತಿತು. ಅವನು ಏಳಲಿಲ್ಲ.

"ಏಳು ಮಾರಾಯ, ಜನ ನೋಡ್ತಿದಾರೆ."

"ಶನಿವಾರ ಬರ್ತೀಯ, ಹೋಗ್ತೀಯ. ಉಳಿದ ಆರು ದಿನ ನಾನೇನ್ ಮಾಡ್ಲಿ? ಮದುವೆ ಆಗೋಣ್ವಾ, ಮಿರಾ?"

ಅವಳು ಬಾಗಿ, ಅವನ ಹಣೆಯ ಬೆವರು ಒರೆಸಿದಳು.

"ನಾಳೆ ಸೋಮವಾರ. ಸೋಮವಾರ ಅಂದ್ರೆ ಅಮ್ಮ ಕಾಳಿನ ಶಾಂಬಾರ್ ಸೂಪು ಮಾಡ್ತಾಳೆ. ಮನೆಗೆ ಬಾ. ಅವಳನ್ನ ಒಪ್ಪಿಸೋದು ನಿನ್ನ ಕೆಲಸ."

"ನಿನ್ನನ್ನ?"

"ದಡ್ಡ! ನಾನು ಒಪ್ಪಿ ಎಷ್ಟೋ ದಿನ ಆಯ್ತು."